84 ಸಲ ಹೆಸರು ಹೋಯಿತು, ನೊಬೆಲ್ ಬಂದದ್ದು ಶಿಷ್ಯರ ಮನೆಗೆ

ನಮ್ಮ ಮನೆಗಳಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿರುವ, ಓದಿ ಗಲ್ಫಿಗೆ ಹೋದ ಹುಡುಗರಿಗೇನೂ ಬರವಿಲ್ಲ. ಅವರಲ್ಲಿ ಒಬ್ಬನನ್ನು ಕರೆದು, 'ಸೊಮರ್‌ಫೆಲ್ಡ್ ನಂಬರ್ ಅಂದರೆ ಏನು?' ಅಂತ ಕೇಳಿ ನೋಡಿ. ಬೇರಿಂಗಿನೊಳಗೆ ತಿರುಗುವ ಶಾಫ್ಟನ್ನು ಅದರ ಸುತ್ತಲಿನ ಎಣ್ಣೆಯ ಪದರ ಹೇಗೆ ಹೊತ್ತುಕೊಳ್ಳುತ್ತದೆ ಎಂಬುದಕ್ಕೆ ಸಂಬಂಧಪಟ್ಟ ಲೆಕ್ಕ ಅದು ಅಂತ ಹೇಳಿಯಾನು. ಆ ಸೊಮರ್‌ಫೆಲ್ಡ್ ಯಾರು ಅಂತ ಮುಂದಿನ ಪ್ರಶ್ನೆ ಹಾಕಿದರೆ ಮಾತ್ರ ಹೆಚ್ಚಿನವರು ಸುಮ್ಮನಾಗುತ್ತಾರೆ. ಈ ವಾರ ನಾವು ಹೇಳ ಹೊರಟಿರುವುದು ಆ ಮನುಷ್ಯನ ಕಥೆ. ವಿಜ್ಞಾನಿಯಾಗಿ ಅವರು ದೊಡ್ಡವರು ಹೌದು, ಮಾಸ್ಟ್ರಾಗಿ ಅದಕ್ಕಿಂತಲೂ ದೊಡ್ಡವರು ಅಂತ ನಮ್ಮ ಲೆಕ್ಕ.

ಆರ್ನಾಲ್ಡ್ ಸೊಮರ್‌ಫೆಲ್ಡ್ ಹುಟ್ಟಿದ್ದು 1868ರ ಡಿಸೆಂಬರ್ 5ರಂದು, ಆಗಿನ ಜರ್ಮನಿಯ ಕ್ಯೋನಿಗ್ಸ್‌ಬರ್ಗ್ ಪಟ್ಟಣದಲ್ಲಿ. ಈಗ ಅದು ರಷ್ಯಾಕ್ಕೆ ಸೇರಿದ ಕಲಿನಿನ್‌ಗ್ರಾಡ್. ತಂದೆ ಡಾಕ್ಟರು. ಮಗ ಹಿಡಿದದ್ದು ಗಣಿತದ ದಾರಿ. 1891ರಲ್ಲಿ ಡಾಕ್ಟರೇಟ್ ಪಡೆದು, ಗ್ಯೋಟಿಂಗನ್ನಿನಲ್ಲಿ ಫೆಲಿಕ್ಸ್ ಕ್ಲೈನ್ ಎಂಬ ದೊಡ್ಡ ಗಣಿತಜ್ಞರ ಕೈಕೆಳಗೆ ಪಳಗಿದರು. 1900ರಲ್ಲಿ ಆಖೆನ್‌ನ ತಾಂತ್ರಿಕ ಕಾಲೇಜಿಗೆ ಪ್ರೊಫೆಸರ್ ಆಗಿ ಹೋದಾಗ ಅಲ್ಲಿನ ಇಂಜಿನಿಯರುಗಳು ಮೂಗು ಮುರಿದರು. ಬರೀ ಗಣಿತ ಗೊತ್ತಿರುವವನು ಯಂತ್ರದ ಬಗ್ಗೆ ಏನು ಪಾಠ ಮಾಡಿಯಾನು ಅಂತ. ಸೊಮರ್‌ಫೆಲ್ಡ್ ವಾದಕ್ಕೆ ಹೋಗಲಿಲ್ಲ. ಬೇರಿಂಗಿನ ಎಣ್ಣೆಯ ಲೆಕ್ಕಕ್ಕೇ ಕೈಹಾಕಿ 1904ರಲ್ಲಿ ಅದನ್ನು ಬಿಡಿಸಿಕೊಟ್ಟರು. ಮೂಗು ಮುರಿದವರೇ ಆಮೇಲೆ ಸಲಹೆ ಕೇಳಲು ಬಂದರು.

ಅದೇ ಆಖೆನ್‌ನಲ್ಲಿ ಅವರ ಕಣ್ಣಿಗೆ ಬಿದ್ದವನು ಪೀಟರ್ ಡಿಬೈ, ಎಲೆಕ್ಟ್ರಿಕಲ್ ಓದುತ್ತಿದ್ದ ಹಾಲೆಂಡಿನ ಹುಡುಗ. 1906ರಲ್ಲಿ ಮ್ಯೂನಿಕ್ ವಿಶ್ವವಿದ್ಯಾನಿಲಯ ಕರೆದಾಗ ಸೊಮರ್‌ಫೆಲ್ಡ್ ಅವನನ್ನೂ ಸಹಾಯಕನಾಗಿ ಜತೆಗೆ ಕರೆದೊಯ್ದರು. ತನ್ನ ಅತಿದೊಡ್ಡ ಸಂಶೋಧನೆ ಯಾವುದು ಅಂದರೆ ಈ ಡಿಬೈಯೇ ಅಂತ ಹೇಳುತ್ತಿದ್ದರಂತೆ.

ಮ್ಯೂನಿಕ್‌ನಲ್ಲಿ ಅವರು ಮೂವತ್ತು ವರ್ಷಕ್ಕೂ ಮೇಲೆ ಪಾಠ ಮಾಡಿದರು. ಮೇಲೆ ತಿರುಚಿದ ಮೀಸೆ, ಕತ್ತಿವರಸೆಯಲ್ಲಿ ಮುಖಕ್ಕೆ ಬಿದ್ದ ಗಾಯದ ಗುರುತು. ನೋಡಲಿಕ್ಕೆ ದಂಡಿನ ಅಧಿಕಾರಿಯ ಗತ್ತು ಉಂಟು, ಒಳಗೆ ಆ ಬಿಗು ಇಲ್ಲ. ಆ ಕಾಲದ ಜರ್ಮನ್ ಪ್ರೊಫೆಸರ್ ಅಂದರೆ ವಿದ್ಯಾರ್ಥಿಗಳಿಗೆ ದೂರದ ಬೆಟ್ಟ. ಇವರೋ, ಇನ್ನೂ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಮೊದಲ ವರ್ಷದ ಹುಡುಗರ ಕೈಗೇ ಕೊಡುತ್ತಿದ್ದರು. ಪಾಠ ಮುಗಿದರೆ ಹೋಫ್‌ಗಾರ್ಟನ್ ಉದ್ಯಾನದ ಕಾಫಿ ಅಂಗಡಿಯಲ್ಲಿ ಕೂತು ಚರ್ಚೆ. ಅಲ್ಲಿನ ಅಮೃತಶಿಲೆಯ ಮೇಜೇ ಕರಿಹಲಗೆ. ಚಳಿಗಾಲದಲ್ಲಿ ಸುಡೆಲ್‌ಫೆಲ್ಡ್ ಬೆಟ್ಟದ ಗುಡಿಸಲಿಗೆ ಶಿಷ್ಯರನ್ನು ಕಟ್ಟಿಕೊಂಡು ಹಿಮದಲ್ಲಿ ಜಾರುವ ಆಟಕ್ಕೆ ಹೋಗುವುದು, ಅಲ್ಲೂ ಭೌತಶಾಸ್ತ್ರವೇ.

1920ರಲ್ಲಿ ವೆರ್ನರ್ ಹೈಸನ್‌ಬರ್ಗ್ ಎಂಬ ಹುಡುಗ ಗಣಿತ ಕಲಿಯಬೇಕೆಂದು ಲಿಂಡೆಮನ್ ಎಂಬ ಪ್ರೊಫೆಸರರ ಬಳಿಗೆ ಹೋದ. ಮೇಜಿನ ಮೇಲೆ ಕೂತಿದ್ದ ಅವರ ಪುಟ್ಟ ನಾಯಿ ಬೊಗಳುತ್ತಲೇ ಇತ್ತು. ರಿಲೇಟಿವಿಟಿಯ ಪುಸ್ತಕ ಓದುತ್ತಿದ್ದೇನೆ ಅಂತ ಹುಡುಗ ಹೇಳಿದ್ದೇ ತಡ, ಹಾಗಾದರೆ ನೀನು ಗಣಿತಕ್ಕೆ ಕೆಟ್ಟುಹೋದೆ ಅಂತ ಲಿಂಡೆಮನ್ ಕಳಿಸಿಬಿಟ್ಟರು. ಹುಡುಗ ನೇರ ಸೊಮರ್‌ಫೆಲ್ಡ್ ಬಳಿಗೆ ಬಂದ. ಅವರು ಸೇರಿಸಿಕೊಂಡದ್ದು ಮಾತ್ರವಲ್ಲ, ಕೆಲವೇ ದಿನಗಳಲ್ಲಿ ದೊಡ್ಡವರಿಗೂ ಬಗೆಹರಿಯದ ಒಂದು ಲೆಕ್ಕವನ್ನು ಕೈಗಿತ್ತರು.

ಆಗ ಅಲ್ಲಿದ್ದ ಇನ್ನೊಬ್ಬ ಹುಡುಗ ವೋಲ್ಫ್‌ಗಾಂಗ್ ಪೌಲಿ. ವಿಶ್ವಕೋಶಕ್ಕೆ ರಿಲೇಟಿವಿಟಿಯ ಬಗ್ಗೆ ದೀರ್ಘ ಲೇಖನ ಬೇಕಾಗಿತ್ತು. ಹೆಸರಾಂತ ಪಂಡಿತರು ಎಷ್ಟೋ ಇದ್ದರು. ಸೊಮರ್‌ಫೆಲ್ಡ್ ಆ ಕೆಲಸ ವಹಿಸಿದ್ದು ಇನ್ನೂ ಡಾಕ್ಟರೇಟ್ ಆಗದಿದ್ದ ಪೌಲಿಗೆ. 1921ರಲ್ಲಿ ಅದು ಅಚ್ಚಾದಾಗ ಲೇಖಕನಿಗೆ 21 ವರ್ಷ. ಓದಿದ ಐನ್‌ಸ್ಟೀನರೇ ಬೆರಗಾದರು.

ಇನ್ನು 1923ರ ಜುಲೈ. ಹೈಸನ್‌ಬರ್ಗ್‌ನ ಡಾಕ್ಟರೇಟ್ ಮೌಖಿಕ ಪರೀಕ್ಷೆ. ಪ್ರಯೋಗ ವಿಭಾಗದ ವಿಲ್‌ಹೆಲ್ಮ್ ವೀನ್ ಸೂಕ್ಷ್ಮದರ್ಶಕ ಎಷ್ಟು ಚಿಕ್ಕದನ್ನು ಬಿಡಿಸಿ ತೋರಿಸಬಲ್ಲದು ಅಂತ ಕೇಳಿದರು. ಉತ್ತರವಿಲ್ಲ. ಬ್ಯಾಟರಿ ಹೇಗೆ ಕೆಲಸ ಮಾಡುತ್ತದೆ? ಅದಕ್ಕೂ ಇಲ್ಲ. ವೀನ್ ಫೇಲ್ ಮಾಡಲು ಹೊರಟರು, ಸೊಮರ್‌ಫೆಲ್ಡ್ ಅತ್ಯುತ್ತಮ ದರ್ಜೆ ಕೊಟ್ಟರು. ಇಬ್ಬರೂ ಸೇರಿ ಒಂದೇ ದರ್ಜೆ ಕೊಡಬೇಕಿತ್ತು. ಕೊನೆಗೆ ಮೂರನೇ ದರ್ಜೆಯಲ್ಲಿ ಹುಡುಗ ಹೇಗೋ ಪಾಸಾದ, ನಾಚಿಕೆಯಿಂದ ಅದೇ ರಾತ್ರಿ ರೈಲು ಹತ್ತಿದ. ನಾಲ್ಕು ವರ್ಷದ ನಂತರ ತನ್ನ ಪ್ರಸಿದ್ಧ ಅನಿಶ್ಚಿತತೆಯ ತತ್ವ ವಿವರಿಸುವಾಗಲೂ ಅವನು ಎಡವಿದ್ದು ಅದೇ ಸೂಕ್ಷ್ಮದರ್ಶಕದ ವಿಷಯದಲ್ಲಿ! ವೀನ್ ಕೇಳಿದ್ದು ತಪ್ಪು ಪ್ರಶ್ನೆಯಲ್ಲ. ಆದರೆ ಆ ದಿನ ಸೊಮರ್‌ಫೆಲ್ಡ್ ಗಟ್ಟಿಯಾಗಿ ನಿಲ್ಲದಿದ್ದರೆ? ಒಂದು ಪರೀಕ್ಷೆಯ ಅಂಕ ನೋಡಿ ಮಕ್ಕಳ ಹಣೆಬರಹ ಬರೆಯುವ ನಾವು ಸ್ವಲ್ಪ ನಿಂತು ಯೋಚಿಸಬೇಕಾದ ಜಾಗ ಇದು.

ಸೊಮರ್‌ಫೆಲ್ಡ್ ಸ್ವತಃ ಮಾಡಿದ ಕೆಲಸವೇನು ಅಂತ ಕೇಳಬಹುದು. ಹೈಡ್ರೋಜನ್ ಅನಿಲ ಸೂಸುವ ಬೆಳಕನ್ನು ಬಿಡಿಸಿ ನೋಡಿದರೆ ಬಣ್ಣದ ಗೆರೆಗಳು ಕಾಣುತ್ತವೆ. ಅವು ಯಾಕೆ ಹಾಗೆ ಎಂಬುದಕ್ಕೆ 1913ರಲ್ಲಿ ನೀಲ್ಸ್ ಬೋರ್ ಕಾರಣ ಕೊಟ್ಟರು: ಎಲೆಕ್ಟ್ರಾನು ಗೊತ್ತಾದ ಕೆಲವು ವೃತ್ತಗಳಲ್ಲಷ್ಟೇ ಸುತ್ತುತ್ತದೆ. ಆದರೆ ಇನ್ನೂ ಹತ್ತಿರದಿಂದ ನೋಡಿದರೆ ಒಂದು ಗೆರೆ ಒಂದೇ ಅಲ್ಲ, ಒತ್ತೊತ್ತಾಗಿ ಸೀಳಿಕೊಂಡಿದೆ. ಸೊಮರ್‌ಫೆಲ್ಡ್ ವೃತ್ತದ ಜಾಗಕ್ಕೆ ಗ್ರಹಗಳ ದಾರಿಯಂಥ ಅಂಡಾಕಾರವನ್ನು ತಂದು, ವೇಗದ ಎಲೆಕ್ಟ್ರಾನಿಗೆ ಐನ್‌ಸ್ಟೀನರ ರಿಲೇಟಿವಿಟಿಯನ್ನು ಹಚ್ಚಿ 1916ರಲ್ಲಿ ಆ ಸೀಳಿನ ಲೆಕ್ಕ ಕೊಟ್ಟರು. ಅದರಲ್ಲಿ ಸಿಕ್ಕಿದ, ಸುಮಾರು 137ರಲ್ಲಿ ಒಂದು ಪಾಲಿನಷ್ಟಿರುವ ಸಂಖ್ಯೆ ಇವತ್ತಿಗೂ ಭೌತಶಾಸ್ತ್ರದ ಬುಡದಲ್ಲಿ ಉಂಟು. 1919ರಲ್ಲಿ ಬಂದ ಅವರ ಪರಮಾಣು ರಚನೆಯ ಪುಸ್ತಕವನ್ನು ಒಂದು ತಲೆಮಾರೇ ಓದಿತು.

ಆ ಪುಸ್ತಕದ ಇಂಗ್ಲಿಷ್ ಅನುವಾದ ಮದ್ರಾಸಿಗೂ ಬಂದಿತ್ತು. ಪ್ರೆಸಿಡೆನ್ಸಿ ಕಾಲೇಜಿನ ಒಬ್ಬ ಹುಡುಗ ಅದನ್ನು ತಾನೇ ಓದಿಕೊಂಡಿದ್ದ. 1928ರಲ್ಲಿ ಸೊಮರ್‌ಫೆಲ್ಡ್ ಭಾರತಕ್ಕೆ ಬಂದು ಮದ್ರಾಸಿನಲ್ಲಿ ತಂಗಿದಾಗ ಈ ಹುಡುಗ ಹೋಟೆಲಿಗೇ ಹೋಗಿ ಭೇಟಿಯಾದ. ನೀನು ಓದಿದ್ದೆಲ್ಲ ಹಳತಾಯಿತು, ಇತ್ತೀಚಿನ ಎರಡು ಮೂರು ವರ್ಷಗಳಲ್ಲಿ ಎಲ್ಲವೂ ಬದಲಾಗಿದೆ ಅಂತ ಸೊಮರ್‌ಫೆಲ್ಡ್ ಮುಚ್ಚುಮರೆಯಿಲ್ಲದೆ ಹೇಳಿದರು. ಹುಡುಗನ ಮುಖ ಬಾಡಿರಬೇಕು. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ಲೋಹದೊಳಗಿನ ಎಲೆಕ್ಟ್ರಾನುಗಳ ಬಗ್ಗೆ ತಾನು ಬರೆದ ಹೊಸ ಲೇಖನದ ಅಚ್ಚಿನ ಕರಡನ್ನೇ ಅವನ ಕೈಗೆ ಕೊಟ್ಟರು. ಹುಡುಗ ಅದನ್ನು ಓದಿ, ಆ ಹೊಸ ವಿಧಾನ ಬಳಸಿ ತಾನೇ ಒಂದು ಲೇಖನ ಬರೆದ. ಮರುವರ್ಷ ಅದು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಹೆಸರು ಸುಬ್ರಹ್ಮಣ್ಯನ್ ಚಂದ್ರಶೇಖರ್, 1983ರ ನೊಬೆಲ್ ಪುರಸ್ಕೃತರು.

1933ರಲ್ಲಿ ಹಿಟ್ಲರ್ ಬಂದ. ಮೊದಲ ಮಹಾಯುದ್ಧದ ಕಾಲದಲ್ಲಿ ಸೊಮರ್‌ಫೆಲ್ಡ್ ಕೂಡಾ ಉಳಿದ ಪ್ರೊಫೆಸರರಂತೆ ಕಟ್ಟಾ ರಾಷ್ಟ್ರಾಭಿಮಾನಿಯೇ ಆಗಿದ್ದರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅಧಿಕಾರದಲ್ಲಿದ್ದವರು ರಾಷ್ಟ್ರ ಎಂಬ ಮಾತನ್ನು ಬಳಸುವ ರೀತಿ ನೋಡಿ ಆ ಅಭಿಮಾನವೇ ತನ್ನಿಂದ ಕಳಚಿಹೋಯಿತು ಅಂತ 1934ರಲ್ಲಿ ಐನ್‌ಸ್ಟೀನರಿಗೆ ಬರೆದರು. ಐನ್‌ಸ್ಟೀನ್ ಅಷ್ಟರಲ್ಲಿ ದೇಶ ಬಿಟ್ಟಾಗಿತ್ತು. ತಾಯಿ ಯಹೂದಿ ಮೂಲದವರು ಎಂಬ ಕಾರಣಕ್ಕೆ ಹಳೇ ಶಿಷ್ಯ ಹ್ಯಾನ್ಸ್ ಬೆಥೆಯ ಕೆಲಸ ಹೋಯಿತು. ಸೊಮರ್‌ಫೆಲ್ಡ್ ಅವನನ್ನು ಮ್ಯೂನಿಕ್‌ಗೆ ಕರೆಸಿ, ಬೇಸಿಗೆಯ ತಿಂಗಳುಗಳಿಗೆ ಸಹಾಯಧನ ಕೊಡಿಸಿದರು. ಅದೇ ವರ್ಷ ಬೆಥೆ ಇಂಗ್ಲೆಂಡಿಗೆ, ಆಮೇಲೆ ಅಮೆರಿಕಕ್ಕೆ ಹೋದರು. ಮುಂದೆ ಅವರು ಮದುವೆಯಾದದ್ದು ಸೊಮರ್‌ಫೆಲ್ಡ್‌ರ ಇನ್ನೊಬ್ಬ ಶಿಷ್ಯ ಪಾಲ್ ಇವಾಲ್ಡ್ ಅವರ ಮಗಳನ್ನು. ಗುರುವಿನ ಮನೆಯ ಸಂಬಂಧವೇ ಅನ್ನಿ.

1935ರಲ್ಲಿ ನಿವೃತ್ತಿಯ ವಯಸ್ಸಾಯಿತು. ತನ್ನ ಕುರ್ಚಿಗೆ ಹೈಸನ್‌ಬರ್ಗ್ ಬರಬೇಕು ಎಂಬುದು ಅವರ ಆಸೆ. ಐನ್‌ಸ್ಟೀನರ ಸಿದ್ಧಾಂತ ಪಾಠ ಮಾಡುವುದೇ ಅಪರಾಧ ಅನ್ನುತ್ತಿದ್ದ ಗುಂಪಿಗೆ ಅದು ಸಹ್ಯವಾಗಲಿಲ್ಲ. 1937ರಲ್ಲಿ ನಾಜಿ ಎಸ್.ಎಸ್. ಪಡೆಯ ಪತ್ರಿಕೆ ಹೈಸನ್‌ಬರ್ಗ್‌ರನ್ನು 'ಬಿಳಿ ಯಹೂದಿ' ಅಂತ ಜರೆಯಿತು. ಹೈಸನ್‌ಬರ್ಗ್‌ರ ತಾಯಿ ಎಸ್.ಎಸ್. ಮುಖ್ಯಸ್ಥ ಹಿಮ್ಲರ್‌ನ ತಾಯಿಯ ಬಳಿಗೇ ಹೋಗಿ ಮಗನ ಪತ್ರ ಮುಟ್ಟಿಸಿದರು. ಜೀವ ಉಳಿಯಿತು, ಕುರ್ಚಿ ಸಿಗಲಿಲ್ಲ. 1939ರ ಡಿಸೆಂಬರಿನಲ್ಲಿ ಆ ಜಾಗಕ್ಕೆ ಬಂದವನು ವಿಲ್‌ಹೆಲ್ಮ್ ಮ್ಯೂಲರ್. ಭೌತಶಾಸ್ತ್ರದ ಪತ್ರಿಕೆಯಲ್ಲಿ ಒಂದು ಲೇಖನವನ್ನೂ ಬರೆಯದವನು. ಇದಕ್ಕಿಂತ ಕೆಟ್ಟ ಉತ್ತರಾಧಿಕಾರಿ ಸಿಗಲಾರ ಅಂತ ಸೊಮರ್‌ಫೆಲ್ಡ್ ಹೇಳಿದರು. ಮೂರು ದಶಕ ಕಟ್ಟಿದ ಶಾಲೆ ಕಣ್ಣೆದುರೇ ಮುಚ್ಚಿಹೋಯಿತು. ಆಗ ಅವರಿಗೆ 71 ವರ್ಷ.

ನೊಬೆಲ್ ಸಮಿತಿಗೆ ಅವರ ಹೆಸರು ಹೋದದ್ದು ಒಟ್ಟು 84 ಸಲ. ಒಮ್ಮೆಯೂ ಬರಲಿಲ್ಲ. ಅವರ ಬಳಿ ಡಾಕ್ಟರೇಟ್ ಮಾಡಿದವರಲ್ಲಿ ಹೈಸನ್‌ಬರ್ಗ್ (1932), ಡಿಬೈ (1936), ಪೌಲಿ (1945), ಬೆಥೆ (1967) ನಾಲ್ವರಿಗೂ ಬಂತು. ಸೊಮರ್‌ಫೆಲ್ಡ್‌ಗೆ 1948ರಲ್ಲಿ ಅಮೆರಿಕದ ಭೌತಶಾಸ್ತ್ರ ಅಧ್ಯಾಪಕರ ಸಂಘ ಓರ್ಸ್ಟೆಡ್ ಪದಕ ಕೊಟ್ಟಿತು, ಪಾಠ ಮಾಡಿದ್ದಕ್ಕೆ.

ಕುರ್ಚಿ ಹೋದ ಮೇಲೂ ಅವರು ಸುಮ್ಮನೆ ಕೂತಿರಲಿಲ್ಲ. ತರಗತಿಯಲ್ಲಿ ಹೇಳುತ್ತಿದ್ದ ಪಾಠಗಳನ್ನೆಲ್ಲ ಆರು ಸಂಪುಟಗಳಾಗಿ ಬರೆಯಲು ಹೊರಟರು. 1951ರ ಮಾರ್ಚ್ ಕೊನೆಯಲ್ಲಿ ಮೊಮ್ಮಕ್ಕಳ ಜತೆ ನಡೆದುಹೋಗುತ್ತಿದ್ದಾಗ ವಾಹನ ಡಿಕ್ಕಿ ಹೊಡೆಯಿತು. ಕಿವಿ ಮಂದವಾಗಿತ್ತು. ಏಪ್ರಿಲ್ 26ರಂದು ತೀರಿಕೊಂಡರು. ಉಷ್ಣದ ಕುರಿತಾದ ಐದನೇ ಸಂಪುಟ ಅರ್ಧಕ್ಕೇ ನಿಂತಿತ್ತು. ಅದನ್ನು ಪೂರ್ತಿ ಮಾಡಿ ಅಚ್ಚಿಗೆ ಕೊಟ್ಟ ಇಬ್ಬರಲ್ಲಿ ಒಬ್ಬರು ಯೋಸೆಫ್ ಮೈಕ್ಸ್‌ನರ್, ಅವರದೇ ತರಗತಿಯಲ್ಲಿ ಕೂತು ಕಲಿತವರು.