ಸೋರದಂತೆ ಕೂಡಿಸುವ ಕಸುಬು

ಗುದನಾಳದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ ಹೊರತೆಗೆದರೆ ಅರ್ಧ ಕೆಲಸ ಮುಗಿದಂತೆ. ಕತ್ತರಿಸಿದ ಕರುಳಿನ ಎರಡು ತುದಿಗಳನ್ನು ಕೂಡಿಸುವುದು ಉಳಿದರ್ಧ. ಆ ಜೋಡಣೆ ಸೋರಿದರೆ ಮಲ ಒಳಗೇ ಹರಡಿ ನಂಜೇರುತ್ತದೆ, ಪ್ರಾಣಕ್ಕೇ ಕುತ್ತು ಬರಬಹುದು. ನುರಿತ ಕೈಗಳಲ್ಲೂ ಸರಿಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗಾಗುವುದುಂಟು.

1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ರೂಪಿಸಿದ ವಿಧಾನದಲ್ಲಿ ಈ ಚಿಂತೆಯೇ ಇರಲಿಲ್ಲ. ಗುದದ್ವಾರವನ್ನೂ ತೆಗೆದು, ಹೊಟ್ಟೆಯ ಮೇಲೆ ಶಾಶ್ವತವಾಗಿ ಮಲದ ದಾರಿ ಮಾಡುತ್ತಿದ್ದರು. ಗುದದ್ವಾರ ಉಳಿಸುವ ಶಸ್ತ್ರಚಿಕಿತ್ಸೆ ಬಂದ ಮೇಲೂ ಕ್ಯಾನ್ಸರ್ ಅಲ್ಲೇ ಮರುಕಳಿಸುವ ಕಾಟ ತಪ್ಪಲಿಲ್ಲ. 1982ರಲ್ಲಿ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಸರ್ಜನ್ ಬಿಲ್ ಹೀಲ್ಡ್ ಕಾರಣವನ್ನು ಎತ್ತಿ ತೋರಿಸಿದರು: ಗುದನಾಳವನ್ನು ಸುತ್ತಿರುವ ಕೊಬ್ಬಿನ ಹೊದಿಕೆಯಲ್ಲಿ ರೋಗದ ಕಣಗಳು ಅಡಗಿರುತ್ತವೆ. ಕೈ ತೂರಿಸಿ ಬಿಡಿಸಿದರೆ ಆ ಹೊದಿಕೆ ಹರಿದು ಒಂದಿಷ್ಟು ಒಳಗೇ ಉಳಿಯುತ್ತದೆ. ಅದರ ಹೊರಗಿನ ತೆಳುಪದರವನ್ನು ಕಣ್ಣಾರೆ ಕಂಡುಕೊಂಡು, ಹರಿತವಾದ ಉಪಕರಣದಿಂದ ಬಿಡಿಸುತ್ತಾ ಹೋದರೆ ಹೊದಿಕೆ ಇಡಿಯಾಗಿ ಕೈಗೆ ಬರುತ್ತದೆ. ಪಕ್ಕದಲ್ಲೇ ಹಾದುಹೋಗುವ, ಮೂತ್ರಕೋಶ ಮತ್ತು ಲೈಂಗಿಕ ಕ್ರಿಯೆಯ ನರಗಳೂ ಉಳಿಯುತ್ತವೆ.

ಆದರೆ ಇದರಿಂದ ಜೋಡಣೆ ಇನ್ನಷ್ಟು ಕೆಳಕ್ಕಿಳಿಯಿತು. ಕೆಳಗಿಳಿದಷ್ಟೂ ಸೋರುವ ಭಯ ಜಾಸ್ತಿ. ಈ ಕಸುಬಿಗೆ ಎರಡು ನಿಯಮ: ತುದಿಗಳಿಗೆ ರಕ್ತ ಚೆನ್ನಾಗಿ ಹರಿಯಬೇಕು, ಕರುಳು ಬಿಗಿಯಾಗಿ ಎಳೆದಂತಿರಬಾರದು. ಅದಕ್ಕೇ ಗುಲ್ಮದ ಹತ್ತಿರ ದೊಡ್ಡ ಕರುಳು ತಿರುಗುವ ಬಾಗನ್ನು ಬಿಡಿಸಿ, ಅದು ತಾನಾಗಿ ಕೆಳಗಿಳಿಯುವಂತೆ ಮಾಡುತ್ತಾರೆ. ರಕ್ತ ಹರಿಯುತ್ತಿದೆಯೇ ಎಂದು ನೋಡಲು ಇಂಡೋಸಯನಿನ್ ಗ್ರೀನ್ ಎಂಬ ಬಣ್ಣವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ವಿಶೇಷ ಕ್ಯಾಮೆರಾದಲ್ಲಿ ರಕ್ತವಿರುವ ಭಾಗ ಹೊಳೆಯುತ್ತದೆ. ಕಪ್ಪಾಗಿ ಕಂಡರೆ ಇನ್ನೂ ಮೇಲಕ್ಕೆ ಕತ್ತರಿಸಬೇಕು. 2023ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ಇದರಿಂದ ಸೋರಿಕೆ ಶೇ 11.8ರಿಂದ ಶೇ 7.6ಕ್ಕೆ ಇಳಿಯಿತು.

ಕೂಡಿಸಲು ಈಗ ಸಾಮಾನ್ಯವಾಗಿ ವೃತ್ತಾಕಾರದ ಸ್ಟೇಪ್ಲರ್ ಬಳಸುತ್ತಾರೆ. ಅದು ಪಿನ್ನು ಹೊಡೆಯುತ್ತಲೇ ಎರಡು ಉಂಗುರದಷ್ಟು ಕರುಳನ್ನು ಕತ್ತರಿಸುತ್ತದೆ. ಆ ಉಂಗುರಗಳು ತುಂಡಾಗದೆ ಪೂರ್ತಿ ಇವೆಯೇ ಎಂದು ಸರ್ಜನ್ ಬೆರಳಲ್ಲಿ ಹಿಡಿದು ನೋಡುತ್ತಾರೆ. ಬಳಿಕ ಜೋಡಣೆ ಮುಳುಗುವಷ್ಟು ನೀರು ಹಾಕಿ, ಗುದದ್ವಾರದಿಂದ ಗಾಳಿ ಬಿಡುತ್ತಾರೆ. ಪಂಕ್ಚರ್ ಅಂಗಡಿಯವ ಟ್ಯೂಬನ್ನು ನೀರಲ್ಲಿ ಅದ್ದಿ ನೋಡುವ ಲೆಕ್ಕವೇ ಇದು: ಗುಳ್ಳೆ ಬಂದರೆ ಅಲ್ಲೇ ಹೊಲಿಗೆ, ಇಲ್ಲವೇ ಹೊಸದಾಗಿ ಜೋಡಣೆ.

ಇಷ್ಟಾದರೂ ಕೆಳಮಟ್ಟದ ಜೋಡಣೆಯನ್ನು ಪೂರ್ತಿ ನಂಬುವಂತಿಲ್ಲ. ಹಾಗಾಗಿ ಸಣ್ಣ ಕರುಳಿನ ಒಂದು ಮಡಿಕೆಯನ್ನು ಹೊಟ್ಟೆಯ ಮೇಲೆ ತಂದು ಮಲಕ್ಕೆ ತಾತ್ಕಾಲಿಕ ದಾರಿ ಮಾಡುತ್ತಾರೆ. 2007ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿದ್ದವರು 234 ರೋಗಿಗಳು. ಈ ದಾರಿ ಇಲ್ಲದವರಲ್ಲಿ ಶೇ 28, ಇದ್ದವರಲ್ಲಿ ಸುಮಾರು ಶೇ 10 ಮಂದಿಗೆ ಸೋರಿಕೆಯ ತೊಂದರೆ ಕಾಣಿಸಿಕೊಂಡಿತು. ಇದಕ್ಕೂ ಬೆಲೆಯಿದೆ: ನೀರು, ಲವಣ ಹೊರಹೋಗಿ ಮೂತ್ರಪಿಂಡ ಸೊರಗಬಹುದು, ಮುಚ್ಚಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕು. ಆದ್ದರಿಂದ ಎಲ್ಲರಿಗೂ ಇದು ಬೇಕಿಲ್ಲ.

ರೋಗಿಯ ಪಾಲಿನ ಕೆಲಸವೂ ಇದೆ. ಧೂಮಪಾನ ಬಿಡುವುದು, ಮೊದಲೇ ಚೆನ್ನಾಗಿ ಉಂಡು ಮೈ ಗಟ್ಟಿಮಾಡಿಕೊಳ್ಳುವುದು ಸೋರಿಕೆಯ ಅಪಾಯ ತಗ್ಗಿಸುತ್ತದೆ. ಎಚ್ಚರವಾದಾಗ ಹೊಟ್ಟೆಯ ಮೇಲಿನ ಆ ದಾರಿಗೆ ಅಂಟಿಸಿದ ಮಲದ ಚೀಲ ಕಂಡು ಆಪರೇಷನ್ ಕೆಟ್ಟಿತೆಂದು ಕಂಗಾಲಾಗುವವರಿದ್ದಾರೆ. ಚೀಲ ಬೇಕಾಗಬಹುದೇ, ಬಂದರೆ ಎಷ್ಟು ತಿಂಗಳು ಎಂಬುದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ವೈದ್ಯರನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.