ಹೆಪ್ಪುಗಟ್ಟಿದ ಯಕೃತ್ಕೋಶಗಳು

ವೈಶಾಖದ ಮಧ್ಯಾಹ್ನದಲ್ಲಿ ಶಹಾಬಾದಿನ ಕಲ್ಲುಹಾಸಿನ ಮೇಲೆ ಬರಿಗಾಲಿಡಲಾರದ ಸೀಮೆಯವರಾದ ನಮಗೆ ಘನಶೈತ್ಯದ ವಿಚಾರವು ಪರದೇಶದ್ದೆಂದು ತೋರುವುದು ಸಹಜ. ಆದರೂ ಚಿಂಚೋಳಿಯ ಕಡೆ ಆಕಳು ಸಾಕಿದ ಗೃಹಸ್ಥರು ಅದರ ಮಹಿಮೆಯನ್ನು ತಮ್ಮ ಕೊಟ್ಟಿಗೆಯಲ್ಲಿಯೇ ಕಂಡಿರಬಹುದು. ಪಶುವೈದ್ಯರ ಪಾತ್ರೆಯಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದೊಳಗೆ, ಹೋರಿಯ ವೀರ್ಯವು ಸಣ್ಣ ನಳಿಗೆಗಳಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ಆ ನಳಿಗೆಯನ್ನು 37 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಜೀವಾಣುಗಳು ಮರಳಿ ಚಲಿಸುವುವು. ಮನುಷ್ಯನ ಯಕೃತ್ತಿನ ಕೋಶಗಳನ್ನೂ ಹೀಗೆಯೇ ಕಾಪಿಡಬಹುದೆ? (ಯಕೃತ್ತೆಂದರೆ ಈಗ ಎಲ್ಲರೂ ಲಿವರ್ ಎನ್ನುವ ಅಂಗವೇ; ಸಂಸ್ಕೃತ ಶಬ್ದವು ಅಷ್ಟೇನೂ ಕಠಿಣವಲ್ಲ.)

ಜೀವಕೋಶಕ್ಕೆ ಮುಖ್ಯ ಶತ್ರುವು ಮಂಜುಗಡ್ಡೆ. ಟೊಮೆಟೊ ಹಣ್ಣೊಂದನ್ನು ಶೀತಪೆಟ್ಟಿಗೆಯ ಮೇಲಂಕಣದಲ್ಲಿ ಗಡ್ಡೆಗಟ್ಟಿಸಿ ಹೊರತೆಗೆದರೆ ಅದು ನೀರು ಸೋರಿ ಕುಸಿಯುವುದನ್ನು ಗೃಹಿಣಿಯರು ಬಲ್ಲರು. ಒಳಗಣ ಹರಳುಗಳು ಕೋಶಗಳನ್ನು ಸೀಳಿರುತ್ತವೆ. ಅತಿವೇಗವಾಗಿ ತಣಿಸಿದರೆ ಕೋಶದೊಳಗೇ ಹರಳು ಕಟ್ಟುವುದು. ಅತಿ ನಿಧಾನವಾದರೆ ನೀರೆಲ್ಲ ಹೊರಹೋಗಿ ಉಳಿದ ಲವಣವೇ ವಿಷವಾಗುವುದು. ಆದುದರಿಂದ ಯಕೃತ್ಕೋಶಗಳನ್ನು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ತಣಿಸುತ್ತಾರೆ. ಇದಕ್ಕೆ ಒಂದು ರಕ್ಷಕ ದ್ರವವೂ ಬೇಕು. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬವರು ಗ್ಲಿಸರಾಲಿನ ಗುಣವನ್ನು ಪ್ರಕಟಿಸಿದರು. 1959ರಲ್ಲಿ ಲವ್‌ಲಾಕ್ ಮತ್ತು ಬಿಷಪ್ ಎಂಬವರು ಡೈಮೀಥೈಲ್ ಸಲ್ಫಾಕ್ಸೈಡ್ ಎಂಬುದನ್ನು ತೋರಿಸಿಕೊಟ್ಟರು. ಯಕೃತ್ಕೋಶಗಳಿಗೆ ಬಹುತೇಕ ಇದನ್ನೇ ನೂರಕ್ಕೆ 10 ಪಾಲು ಬೆರೆಸುವರು. ಕರಗಿಸುವಾಗ ಮಾತ್ರ ತ್ವರೆ ಬೇಕು: ತಡವಾದರೆ ಸಣ್ಣ ಹರಳುಗಳು ಕೂಡಿ ದೊಡ್ಡವಾಗುವುವು. ಕರಗಿದ ಬಳಿಕ ರಕ್ಷಕನೇ ಭಕ್ಷಕನಾಗುವುದರಿಂದ ಅದನ್ನು ತೊಳೆದು ತೆಗೆಯಬೇಕು.

ಇಷ್ಟಾದರೂ ಯಕೃತ್ಕೋಶವು ಬಹು ಸುಕುಮಾರವಾದುದು. ಅಮೋನಿಯವನ್ನು ಯೂರಿಯವಾಗಿಸುವುದು, ರಕ್ತವು ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ರಚಿಸುವುದು, ಔಷಧಗಳನ್ನು ಜೀರ್ಣಿಸುವುದು ಮೊದಲಾಗಿ ಅದಕ್ಕೆ ಕೆಲಸಗಳು ಹಲವು. ಸತ್ತ ಕೋಶವನ್ನು ಗುರುತಿಸಲು ನೀಲಿ ಬಣ್ಣವೊಂದನ್ನು ಹಾಕುವರು. ಸತ್ತುದು ಬಣ್ಣ ಹೀರುವುದು, ಬದುಕಿದುದು ಹೀರದು. ಆದರೆ ಕರಗಿದೊಡನೆ ಬದುಕಿರುವಂತೆ ಕಂಡ ಎಷ್ಟೋ ಕೋಶಗಳು ಆಧಾರಕ್ಕೆ ಅಂಟಿಕೊಳ್ಳಲಾರದೆ ಒಂದೆರಡು ದಿನಗಳಲ್ಲಿ ನಾಶವಾಗುತ್ತವೆ. ಆ ಕ್ಷಣದ ಎಣಿಕೆಯನ್ನೇ ನಂಬಿ ಜಯಘೋಷ ಮಾಡುವುದು ನಮಗೆ ಸರಿದೋರದು. ಕೋಶವು ತನ್ನ ಕೆಲಸವನ್ನು ಮಾಡಿದರಷ್ಟೇ ಬದುಕಿತೆನ್ನಬೇಕು.

ಇಷ್ಟು ಶ್ರಮವೇತಕ್ಕೆಂದರೆ, ಕಲುಷಿತ ನೀರಿನಿಂದ ಬರುವ ಕಾಮಾಲೆಯಿಂದಾಗಲಿ ಇಲಿಪಾಷಾಣದಿಂದಾಗಲಿ ಯಕೃತ್ತು ಹಠಾತ್ತನೆ ಕೆಟ್ಟರೆ ರೋಗಿಗೆ ಉಳಿಯುವ ಅವಧಿಯು ಕೆಲವೇ ದಿನಗಳದ್ದಾಗಬಹುದು. ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ರೈಲು ಹೋಗುವ ಹೈದರಾಬಾದಿನಲ್ಲಿಯೇ, ಡೆಕ್ಕನ್ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸಿನ ಡಾ. ಹಬೀಬುಲ್ಲಾ ಮತ್ತು ಸಂಗಡಿಗರು ಇಂತಹ ರೋಗಿಗಳ ಉದರದೊಳಗೆ ಭ್ರೂಣದ ಯಕೃತ್ಕೋಶಗಳನ್ನು ಸೇರಿಸಿದ ಪ್ರಯೋಗವನ್ನು 1994ರಲ್ಲಿ ಪ್ರಕಟಿಸಿದರು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ವೈದ್ಯರು ಕೋಶಗಳನ್ನು ಆಲ್ಜಿನೇಟಿನ ಸಣ್ಣ ಮಣಿಗಳಲ್ಲಿ ಅಡಗಿಸಿ 8 ಮಕ್ಕಳಿಗೆ ಕೊಟ್ಟ ವೃತ್ತಾಂತವು 2020ರಲ್ಲಿ ಹೊರಬಂದಿತು. ಅವರಲ್ಲಿ 4 ಮಕ್ಕಳಿಗೆ ಯಕೃತ್ತಿನ ಕಸಿಯೇ ಬೇಕಾಗಲಿಲ್ಲ. ಇದಿನ್ನೂ ನಿತ್ಯಚಿಕಿತ್ಸೆಯಾಗಿಲ್ಲ. ಆದರೆ ರೋಗವು ವೇಳೆ ನೋಡಿ ಬರುವುದಿಲ್ಲ. ತಾಜಾ ಕೋಶಗಳೋ ಬಹುಕಾಲ ನಿಲ್ಲವು. ಕಸಿಗೆ ಒದಗದೆಂದು ಬಿಟ್ಟ ದಾನದ ಯಕೃತ್ತಿನಿಂದಲೂ ಕೋಶಗಳನ್ನು ಬಿಡಿಸಿ, ಶೀತದಲ್ಲಿಟ್ಟು, ನಡುರಾತ್ರಿಯಲ್ಲಿ ಬಂದ ಮಗುವಿಗೆ ಕರಗಿಸಿ ಕೊಡಬಹುದೆಂಬುದೇ ಈ ವೈದ್ಯರ ಆಸೆ.