ಗುರಿಯಾಟದ ಕೋವಿಗೆ ತಕ್ಕ ತೋಟಾಗಳನ್ನು ಆರಿಸುವ ಕ್ರಮ

ಮಲೆನಾಡಿನ ಸೀಮೆಗಳಲ್ಲಿಯೂ ಕೊಡಗಿನಲ್ಲಿಯೂ ಬೆಳೆಯ ರಕ್ಷಣೆಗೆಂದು ಕೋವಿಯನ್ನು ಇಟ್ಟುಕೊಂಡಿರುವ ಜಮೀನುದಾರರು ಅನೇಕರುಂಟು. ಬಿಡುವಿನ ದಿನಗಳಲ್ಲಿ ಗುರಿಯಿಟ್ಟು ಹೊಡೆಯುವ ವಿನೋದವೂ ಇವರಲ್ಲಿ ರೂಢಿಯಲ್ಲಿದೆ. ಕೊಡಗಿನಲ್ಲಿ ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರು ತಿಂಗಳ ಆದಿಯಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳನ್ನು ಪೂಜಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ನಡೆಸುವುದು ಎಲ್ಲರಿಗೂ ತಿಳಿದ ವಿಷಯವೇ. ಇಂಥ ಮನೆಗಳಲ್ಲಿ ಕೋವಿಯನ್ನು ಒರಸಿ, ಎಣ್ಣೆ ಹಚ್ಚಿ, ಮಗುವಿನಂತೆ ಕಾಪಾಡುವುದನ್ನು ನೋಡಿ ಸಂತೋಷವಾಗುವುದು. ಆದರೆ ಅದಕ್ಕೆ ಹಾಕುವ ತೋಟಾದ ವಿಷಯದಲ್ಲಿ ಮಾತ್ರ “ಕೋವಿಯೊಳಗೆ ಹೊಕ್ಕರೆ ಸಾಕು” ಎಂಬ ಔದಾಸೀನ್ಯವೇ ಹೆಚ್ಚಾಗಿ ಕಾಣುತ್ತದೆ. ನಳಿಗೆ ಸಿಡಿದು ಕೈ ಕಳೆದುಕೊಳ್ಳುವ ಅನಾಹುತಗಳಿಗೆ ಬಹುತೇಕ ಕಾರಣವು ಕೋವಿಯಲ್ಲ, ತೋಟಾ.

ಅಗ್ಗವಾದ ತೋಟಾ ಅಪಾಯಕರವೆಂದೂ ಬೆಲೆಬಾಳುವುದು ನಿರಪಾಯಕರವೆಂದೂ ಕೆಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಹೆಚ್ಚಿನ ಬೆಲೆ ಕೊಟ್ಟರೆ ದೊರೆಯುವುದು ಗುರಿಯ ನಿಖರತೆಯೇ ಹೊರತು ಕ್ಷೇಮವಲ್ಲ. ಪ್ರಸಿದ್ಧ ಕಾರ್ಖಾನೆಯಲ್ಲಿ ತಯಾರಾಗಿ, ಹೊಸದಾಗಿದ್ದು, ಕೋವಿಯ ಅಳತೆಗೆ ಸರಿಯಾಗಿರುವ ಸಾಧಾರಣ ತೋಟಾ ಯಾವ ಭಯವನ್ನೂ ಉಂಟುಮಾಡದು. ಅಳತೆ ತಪ್ಪಿದ್ದು, ಹಳತಾಗಿ ತೇವ ಹಿಡಿದದ್ದು, ಮನೆಯಲ್ಲಿ ಮದ್ದು ತುಂಬಿಸಿದ್ದು, ಇವು ಮೂರು ಮಾತ್ರ ಎಷ್ಟು ಬೆಲೆಯದಾದರೂ ಅಪಾಯಕರವೇ. ಖರ್ಚನ್ನು ತಗ್ಗಿಸಬೇಕೆನ್ನುವವರು ಸಣ್ಣ ಬೋರಿನ ಕೋವಿಯನ್ನು ಆರಿಸಿ ತಗ್ಗಿಸಬೇಕೇ ಹೊರತು, ಹಳೆಯ ತೋಟಾವನ್ನು ಹುಡುಕಿ ತಗ್ಗಿಸಕೂಡದು.

ಬೋರು ಮತ್ತು ಅಳತೆ

12 ಬೋರು ಎಂದರೇನೆಂಬುದನ್ನು ಮೊದಲು ತಿಳಿಯತಕ್ಕದ್ದು. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಗುಂಡುಗಳನ್ನಾಗಿ ಮಾಡಿದರೆ, ಅಂಥ ಒಂದು ಗುಂಡು ಹಿಡಿಸುವ ನಳಿಗೆಗೆ 12 ಬೋರು ಎಂದು ಹೆಸರು. ಇಪ್ಪತ್ತು ಗುಂಡುಗಳಾದರೆ ಪ್ರತಿಯೊಂದೂ ಸಣ್ಣದಾಗುವುದರಿಂದ 20 ಬೋರಿನ ನಳಿಗೆ ಕಿರಿದು. ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಸಣ್ಣದಾಗುವ ಈ ವಿಪರೀತ ಲೆಕ್ಕದಿಂದ ಮೋಸಹೋಗುವವರುಂಟು. 20 ಬೋರಿನ ತೋಟಾ 12 ಬೋರಿನ ಕೋವಿಯಲ್ಲಿ ಹಾಕಿದರೆ ಒಳಕ್ಕೆ ಜಾರಿ ನಳಿಗೆಯ ಮಧ್ಯೆ ಸಿಕ್ಕಿಕೊಳ್ಳುವುದು. ಹೊಡೆದವನು ಸಿಡಿಯಲಿಲ್ಲವೆಂದು ತಿಳಿದು, ಗೂಡು ಬರಿದಾಗಿರುವುದನ್ನು ಕಂಡು, ಹಿಂದಿನಿಂದ ಸರಿಯಾದ 12 ಬೋರಿನ ತೋಟಾ ಹಾಕಿ ಕುದುರೆ ಎಳೆಯುತ್ತಾನೆ; ನಳಿಗೆ ಅವನ ಎಡಗೈ ಹಿಡಿದಿರುವ ಸ್ಥಳದಲ್ಲಿಯೇ ಒಡೆಯುತ್ತದೆ. ಈ ಕಾರಣದಿಂದಲೇ 20 ಬೋರಿನ ತೋಟಾಗಳಿಗೆ ಕಾರ್ಖಾನೆಯವರು ಹಳದಿ ಬಣ್ಣವನ್ನು ಕೊಡುವ ಪದ್ಧತಿಯಿದೆ. ಎರಡು ಬೋರಿನ ಕೋವಿಗಳಿರುವ ಮನೆಯಲ್ಲಿ ತೋಟಾಗಳನ್ನು ಒಂದೇ ಚೀಲದಲ್ಲಿ ಇಡಲೇಕೂಡದು.

ಉದ್ದದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಹಳೆಯ ವಿಲಾಯತಿ ಜೋಡಿ ನಳಿಗೆಯ ಕೋವಿಗಳಲ್ಲಿ ತೋಟಾ ಕೂರುವ ಗೂಡು ಎರಡೂವರೆ ಅಂಗುಲ, ಅಂದರೆ 65 ಮಿಲಿಮೀಟರು. ಈಗಿನ ತೋಟಾಗಳಲ್ಲಿ ಬಹಳವಾಗಿ ದೊರೆಯುವುದು ಎರಡೂ ಮುಕ್ಕಾಲು ಅಂಗುಲದವು, ಅಂದರೆ 70 ಮಿಲಿಮೀಟರಿನವು. ಈ ಅಳತೆಯನ್ನು ತೋಟಾದ ಬಾಯಿ ತೆರೆದ ಮೇಲೆ ಲೆಕ್ಕ ಹಿಡಿಯುವರು. ಹೊಡೆಯುವುದಕ್ಕೆ ಮೊದಲು ಬಾಯಿ ಮಡಿಸಿರುವುದರಿಂದ ತೋಟಾ ಗಿಡ್ಡವಾಗಿದ್ದು, ಹಳೆಯ ಗೂಡಿನಲ್ಲಿಯೂ ಸಲೀಸಾಗಿ ಕೂಡುತ್ತದೆ. ಸಿಡಿದಾಗ ಮಾತ್ರ ಬಾಯಿ ತೆರೆಯಲು ಸ್ಥಳವಿಲ್ಲದೆ ನಳಿಗೆಯ ಕಿರಿದಾದ ಭಾಗಕ್ಕೆ ಚಾಚಿ, ಚರೆಗಳ ದಾರಿಯನ್ನು ಕಟ್ಟಿ, ಒತ್ತಡವನ್ನು ವಿಪರೀತವಾಗಿ ಏರಿಸುತ್ತದೆ. ಆದುದರಿಂದ ಹೊಕ್ಕಿತೆಂಬ ಮಾತ್ರಕ್ಕೆ ಸರಿಹೋಯಿತೆಂದು ಭಾವಿಸಬಾರದು. ಗೂಡಿನ ಉದ್ದವನ್ನು ನಳಿಗೆಯ ಬುಡದಲ್ಲಿ ಕೊರೆದಿರುವರು. ಅಳಿಸಿಹೋಗಿದ್ದರೆ ಪರವಾನಗಿಯುಳ್ಳ ಕೋವಿಯ ವರ್ತಕರಿಂದ ಅಳೆಯಿಸಿಕೊಳ್ಳತಕ್ಕದ್ದು.

ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಸುತ್ತಿ ಬೆಸೆದ, ಮೇಲೆ ಸುರುಳಿ ಸುರುಳಿಯಾದ ಗೆರೆಗಳು ಕಾಣುವ ನಳಿಗೆಯುಳ್ಳ ಕೋವಿಗಳು ಅಜ್ಜನ ಕಾಲದ ಮನೆಗಳಲ್ಲಿ ಇನ್ನೂ ಇವೆ. ಇವು ಕರಿಮದ್ದಿನ ಕಾಲಕ್ಕೆ ಮಾಡಿದವು. ಈಗಿನ ಹೊಗೆಯಿಲ್ಲದ ಮದ್ದಿನ ತೋಟಾಗಳನ್ನು ಇವುಗಳಲ್ಲಿ ಹೊಡೆಯಕೂಡದು. ಗೋಡೆಯ ಮೇಲೆ ಅವುಗಳ ಶೋಭೆ ಸಾಕು.

0.22ರ ರೈಫಲ್

ವಿನೋದಕ್ಕಾಗಿ ಗುರಿಯಿಡುವವರಿಗೆ 0.22 ಬೋರಿನ ರೈಫಲಿಗಿಂತ ಮಿತವ್ಯಯವಾದದ್ದು ಬೇರೊಂದಿಲ್ಲ. ಇದಕ್ಕೆ ಬೇಕಾದ “ಲಾಂಗ್ ರೈಫಲ್” ಎಂಬ ತೋಟಾ 1887ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಈಗಲೂ ಲೋಕದಲ್ಲೆಲ್ಲ ಪ್ರಚಾರದಲ್ಲಿದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆಯವರು ಕಂಚಿನ ಪದಕವನ್ನು ಗಳಿಸಿದ 50 ಮೀಟರು ರೈಫಲ್ ಪಂದ್ಯವೂ ಇದೇ ತೋಟಾದಿಂದ ನಡೆಯತಕ್ಕದ್ದು. ಇದರ ಸೀಸದ ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಎಂದರೆ ಸುಮಾರು 2.6 ಗ್ರಾಮು. ಹಿನ್ನೊತ್ತು ಇಲ್ಲವೆಂದೇ ಹೇಳಬಹುದು, ಶಬ್ದವೂ ಅಲ್ಪ. ನಮ್ಮ ದೇಶದ ಆಯುಧ ಕಾರ್ಖಾನೆಗಳಲ್ಲಿ ತಯಾರಾಗುವ 0.315 ಬೋರಿನ ರೈಫಲನ್ನು ಗುರಿಯಾಟಕ್ಕೆ ಉಪಯೋಗಿಸುವವರೂ ಉಂಟು. ಅದರ ಒಂದು ತೋಟಾದ ಹಣಕ್ಕೆ 0.22ರ ತೋಟಾಗಳು ಹಲವು ಬರುವುವು. ಮೇಲಾಗಿ ಅದರ ಬಲಕ್ಕೆ ತಕ್ಕ ಮಣ್ಣಿನ ದಿಬ್ಬ ಹಳ್ಳಿಯ ಹತ್ತಿರ ದೊರೆಯುವುದು ಕಷ್ಟ.

0.22ರ ತೋಟಾಗಳಲ್ಲಿ ಎರಡು ಬಗೆ ಅಂಗಡಿಯಲ್ಲಿ ತೋರಿಸುವರು. ಸಾಧಾರಣ ವೇಗದ್ದು ಸೆಕೆಂಡಿಗೆ ಸುಮಾರು 330 ಮೀಟರು ಹೋಗುತ್ತದೆ; ಅಧಿಕ ವೇಗದ್ದು ಸುಮಾರು 380 ಮೀಟರು. ಅಧಿಕ ವೇಗವೆಂದರೆ ಒಳ್ಳೆಯದೆಂದು ತಿಳಿದು ಹೆಚ್ಚು ಹಣ ಕೊಡುವವರು ಒಂದು ಸಂಗತಿಯನ್ನು ಗಮನಿಸಬೇಕು. ಗಾಳಿಯಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 340 ಮೀಟರು. ಅದನ್ನು ಮೀರಿ ಹೊರಟ ಗುಂಡು 50ರಿಂದ 100 ಗಜದೊಳಗೆ ಆ ವೇಗಕ್ಕಿಂತ ಕೆಳಗೆ ಇಳಿಯುವಾಗ ಅದುರಿ ಗುರಿ ಕದಲುತ್ತದೆ. ಸಾಧಾರಣ ವೇಗದ ಗುಂಡಿಗೆ ಈ ತೊಂದರೆಯೇ ಇಲ್ಲ. ಪಂದ್ಯಗಾರರು ಸಾಧಾರಣ ವೇಗವನ್ನೇ ಬಯಸುವುದು ಇದಕ್ಕಾಗಿಯೇ. ಹಾಗೆಂದು ಪಂದ್ಯದ ದುಬಾರಿ ತೋಟಾಗಳು ನಮಗೆ ಬೇಕಿಲ್ಲ. 50 ಮೀಟರಿನ ಒಲಿಂಪಿಕ್ ಗುರಿಯ ಹತ್ತನೆಯ ವೃತ್ತದ ಅಗಲ 10.4 ಮಿಲಿಮೀಟರು, ಸುಲಿದ ತೆಂಗಿನಕಾಯಿ ಅದರ ಹತ್ತರಷ್ಟು. ಕಾಯಿಯನ್ನು ಒಡೆಯಲು ಚಿನ್ನದ ತಕ್ಕಡಿಯಲ್ಲಿ ತೂಗಿದ ಮದ್ದು ಏತಕ್ಕೆ?

ಒಂದೊಂದು ರೈಫಲಿಗೆ ಒಂದೊಂದು ಬಗೆಯ ತೋಟಾ ಹೊಂದುವುದುಂಟು. ಇದು ಬೆಲೆಯಿಂದ ತಿಳಿಯುವುದಿಲ್ಲ. ಎರಡು ಮೂರು ಬಗೆಯವನ್ನು ಒಂದೊಂದು ಪೆಟ್ಟಿಗೆಯಂತೆ ತಂದು, ಮರಳಿನ ಚೀಲದ ಮೇಲೆ ರೈಫಲನ್ನು ಊರಿ, ಒಂದೇ ದೂರದಿಂದ ಕಾಗದಕ್ಕೆ ಹತ್ತು ಹತ್ತು ಗುಂಡುಗಳನ್ನು ಹೊಡೆದು ನೋಡತಕ್ಕದ್ದು. ತೂತುಗಳು ಯಾವುದರಲ್ಲಿ ಹತ್ತಿರ ಹತ್ತಿರ ಬಿದ್ದಿವೆಯೋ ಅದೇ ನಿಮ್ಮ ರೈಫಲಿಗೆ ತಕ್ಕದ್ದು. ಅನಂತರ ಪೆಟ್ಟಿಗೆಯ ಮೇಲಿನ ತಯಾರಿಕೆಯ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅದೇ ಸಂಖ್ಯೆಯವನ್ನು ಪರವಾನಗಿಯಲ್ಲಿ ನಮೂದಾದ ಮಿತಿಯೊಳಗೆ ಕೊಳ್ಳುವುದು ಲಾಭಕರ. ಮ್ಯಾಗ್ನಮ್ ಎಂಬ 0.22ರ ಬೇರೆ ರೈಫಲೊಂದಿದೆ. ಅದರ ಗೂಡು ಅಗಲವಾದದ್ದರಿಂದ ಲಾಂಗ್ ರೈಫಲ್ ತೋಟಾ ಅದರಲ್ಲಿ ಸಡಿಲವಾಗಿ ಕೂಡುವುದು, ಸಿಡಿದಾಗ ಹಿತ್ತಾಳೆ ಸೀಳಿ ಬಿಸಿಗಾಳಿ ಮುಖಕ್ಕೆ ಹೊಡೆಯುವುದು.

ಇನ್ನೂ ಕಡಿಮೆ ಖರ್ಚಿನಲ್ಲಿ ಕೈ ಪಳಗಿಸಬೇಕೆನ್ನುವವರಿಗೆ 0.177 ಬೋರಿನ ಗಾಳಿಕೋವಿ ಯೋಗ್ಯವಾದದ್ದು. 2016ರ ಶಸ್ತ್ರಾಸ್ತ್ರ ನಿಯಮಗಳ ಮೇರೆಗೆ 20 ಜೌಲ್ ಶಕ್ತಿಯನ್ನು ಮೀರದ, ಈ ಬೋರಿಗಿಂತ ದೊಡ್ಡದಲ್ಲದ ಗಾಳಿಕೋವಿಗೆ ಪರವಾನಗಿಯ ಅಗತ್ಯವಿಲ್ಲ. ಕಾಗದದ ಗುರಿಗೆ ಚಪ್ಪಟೆ ತಲೆಯ ಸೀಸದ ಗುಂಡುಗಳನ್ನು ಕೊಳ್ಳಬೇಕು.

ಹೊಡೆದ ಗುಂಡು ಎಲ್ಲಿಗೆ ಹೋಗುವುದು

0.22ರ ಗುಂಡು ಸಣ್ಣದೆಂದು ತಾತ್ಸಾರ ಮಾಡುವುದೇ ದೊಡ್ಡ ಅಪಾಯ. ಒಂದೂವರೆ ಮೈಲಿಯವರೆಗೆ ಅಪಾಯವುಂಟೆಂದು ಅದರ ಪೆಟ್ಟಿಗೆಗಳ ಮೇಲೆ ಅಚ್ಚುಹಾಕಿರುವರು. ಗುಂಡು ಅತಿ ದೂರ ಹೋಗುವುದು ನೆಲಕ್ಕೆ 30 ಡಿಗ್ರಿಯ ಆಸುಪಾಸಿನ ಕೋನದಲ್ಲಿ ಹೊಡೆದಾಗ. 50 ಅಡಿ ಎತ್ತರದ ಮರದ ತುದಿಗೆ ಕಾಯಿಯನ್ನು ಕಟ್ಟಿ 80 ಅಡಿ ದೂರದಲ್ಲಿ ನಿಂತು ಗುರಿಯಿಟ್ಟರೆ ಆಗುವ ಕೋನವು ಹೆಚ್ಚು ಕಡಿಮೆ ಅದೇ! ಕಾಯಿಗೆ ತಗುಲದ ಪ್ರತಿಯೊಂದು ಗುಂಡೂ ಮುಂದಿನ ಊರಿನ ಗದ್ದೆಯಲ್ಲಿಯೋ ಅಂಗಳದಲ್ಲಿಯೋ ಬೀಳುವುದು. ಆದುದರಿಂದ ಪಂದ್ಯವನ್ನು ನಡೆಸುವ ಗ್ರಾಮದ ಮುಖ್ಯಸ್ಥರು ರೈಫಲಿನ ಗುರಿಯನ್ನು ಮರದ ಮೇಲೆ ಕಟ್ಟಿಸದೆ, ಕಲ್ಲಿಲ್ಲದ ಮಣ್ಣಿನ ಗುಡ್ಡದ ಬುಡದಲ್ಲಿ ಎದೆಯ ಎತ್ತರಕ್ಕೆ ನಿಲ್ಲಿಸತಕ್ಕದ್ದು. ಬಂಡೆಗೂ ಕೆರೆಯ ನೀರಿಗೂ ಗುಂಡು ಓರೆಯಾಗಿ ತಗುಲಿದರೆ ಪುಟಿದು ಹಾರುತ್ತದೆ.

ಚರೆಯ ತೋಟಾಗಳಿಗೆ ಬೇರೆ ಲೆಕ್ಕವಿದೆ. ಚರೆಯ ಅಡ್ಡಳತೆಯನ್ನು ಅಂಗುಲದಲ್ಲಿ ಹಿಡಿದು 2200ರಿಂದ ಗುಣಿಸಿದರೆ ಅದು ಹೋಗಬಹುದಾದ ಗರಿಷ್ಠ ದೂರವು ಗಜಗಳಲ್ಲಿ ಸ್ಥೂಲವಾಗಿ ದೊರೆಯುವುದು. ಔನ್ಸಿಗೆ 270 ತೂಗುವ 6ನೆಯ ನಂಬರಿನ ಚರೆಗೆ ಇದು ಸುಮಾರು 225 ಗಜ. ಔನ್ಸಿಗೆ ಎಂಟೇ ತೂಗುವ ಎಸ್.ಜಿ.ಗೆ 700 ಗಜಕ್ಕೂ ಮಿಗಿಲು. ಗುರಿಯಾಟಕ್ಕೆ ಸಣ್ಣ ಚರೆ ಸಾಕು, ಎಸ್.ಜಿ. ಮತ್ತು ಎಲ್.ಜಿ. ತೋಟಾಗಳನ್ನು ವಿನೋದಕ್ಕೆ ಹೊಡೆಯುವುದು ಹಣವನ್ನೂ ನೆರೆಯವರ ನೆಮ್ಮದಿಯನ್ನೂ ಕೆಡಿಸಿದಂತೆ. ಮದುವೆ ಮೊದಲಾದ ಸಮಾರಂಭಗಳಲ್ಲಿ ಪ್ರಾಣಕ್ಕೆ ಅಪಾಯವಾಗುವಂತೆ ಸಂತೋಷದ ಗುಂಡು ಹಾರಿಸಿದವರಿಗೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ಜುಲ್ಮಾನೆ, ಅಥವಾ ಎರಡೂ ಆಗಬಹುದು. ಕೊಡಗಿನ ಕೋವಿಯ ವಿನಾಯಿತಿ 1861ರಿಂದ ಬಂದದ್ದು. ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಆ ವಿನಾಯಿತಿ ಪರವಾನಗಿಗೆ ಸಂಬಂಧಿಸಿದ್ದೇ ಹೊರತು, ಅಜಾಗರೂಕತೆಗೂ 1972ರ ವನ್ಯಜೀವಿ ಕಾನೂನಿಗೂ ಸಂಬಂಧಿಸಿದ್ದಲ್ಲ.

ಹಳೆಯ ತೋಟಾಗಳು, ತುಂಬಿಸಿದ ತೋಟಾಗಳು

ಸಂಚಾರದ ಕಾಲದಲ್ಲಿ ಹಲವು ಮನೆಗಳಲ್ಲಿ ತೋಟಾಗಳನ್ನು ಒಲೆಯ ಮೇಲಣ ಅಟ್ಟದಲ್ಲಿ, ಮೆಣಸಿನ ಕಾಯಿಯ ಮಗ್ಗುಲಲ್ಲಿ, ಬೆಚ್ಚಗಿರಲೆಂದು ಇಟ್ಟಿರುವುದನ್ನು ಕಂಡಿದ್ದೇನೆ. ಮಳೆಗಾಲದ ತೇವಕ್ಕೆ ಹೆದರಿ ಮಾಡುವ ಉಪಾಯವಿದು. ಆದರೆ ಸದಾ ಬಿಸಿ ತಾಗಿದರೆ ಮದ್ದಿನ ಗುಣ ಕೆಡುತ್ತದೆ. ತಂಪಾದ, ಒಣಗಿದ ಸ್ಥಳದಲ್ಲಿ, ಬಿಗಿಯಾದ ಮುಚ್ಚಳವುಳ್ಳ ಡಬ್ಬಿಯಲ್ಲಿ, ಕೋವಿಯಿಂದ ಬೇರೆಯಾಗಿ, ಬೀಗದೊಳಗೆ ಇಡುವುದೇ ಸರಿ. ತೊಗಲಿನ ಪಟ್ಟಿಯಲ್ಲಿ ಸಿಕ್ಕಿಸಿ ವರ್ಷಗಟ್ಟಲೆ ಬಿಟ್ಟರೆ ತೊಗಲಿನ ಹುಳಿಯಿಂದ ಹಿತ್ತಾಳೆಗೆ ಹಸುರು ಕಿಲುಬು ಹತ್ತುತ್ತದೆ. ತೋಟಾಗಳಿಗೆ ಎಣ್ಣೆ ಹಚ್ಚುವುದೂ ತಪ್ಪೇ; ಅದು ಬುಡದ ಸಿಡಿಮದ್ದಿಗೆ ಇಳಿದು ಅದನ್ನು ಸಾಯಿಸುತ್ತದೆ.

ಹೊಡೆದ 12 ಬೋರಿನ ತೋಟಾಗಳಿಗೆ ಮತ್ತೆ ಮದ್ದು ತುಂಬಿ ಅಗ್ಗವಾಗಿ ಕೊಡುವೆವೆಂದು ಸಂತೆಯಲ್ಲಿ ಬರುವವರನ್ನು ಹತ್ತಿರ ಸೇರಿಸಬೇಡಿರಿ. ಕರಿಮದ್ದನ್ನು ಅಳತೆಯಿಂದ ತುಂಬುವ ರೂಢಿಯವರು ಅದೇ ಅಳತೆಯಷ್ಟು ಹೊಗೆಯಿಲ್ಲದ ಮದ್ದನ್ನು ಹಾಕಿದರೆ ಕೋವಿ ತಡೆಯಲಾರದು. ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾನೂನಿನಂತೆ ಅಪರಾಧವೂ ಹೌದು. ತೋಟಾದ ಬುಡದ ಮೇಲಿನ ಮುದ್ರೆಯನ್ನು ಓದುವ ಅಭ್ಯಾಸವನ್ನು ಮಾಡಿಕೊಳ್ಳಿರಿ. ಪುಣೆಯ ಹತ್ತಿರದ ಖಡ್ಕಿಯ ಕಾರ್ಖಾನೆಯ ಮುದ್ರೆ “ಕೆ.ಎಫ್.” ಎಂಬ ಎರಡು ಇಂಗ್ಲಿಷ್ ಅಕ್ಷರಗಳು. ಆದರೆ ತುಂಬಿಸಿದ ತೋಟಾದ ಬುಡದಲ್ಲಿಯೂ ಹಳೆಯ ಮುದ್ರೆಯೇ ಉಳಿದಿರುವುದರಿಂದ, ಮುದ್ರೆಯೊಂದಿಗೆ ಬಾಯಿಯ ಮಡಿಕೆಯನ್ನೂ ನೋಡತಕ್ಕದ್ದು. ಕಾರ್ಖಾನೆಯ ಮಡಿಕೆ ಒಂದೇ ಸಮವಾಗಿರುತ್ತದೆ.

ಕುದುರೆ ಎಳೆದೂ ಸಿಡಿಯದಿದ್ದರೆ ಒಡನೆಯೇ ತೆರೆಯಕೂಡದು. ಮದ್ದು ತಡೆದು ಹತ್ತುವುದುಂಟು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು, ಅರ್ಧ ನಿಮಿಷಕ್ಕೆ ಕಡಿಮೆಯಿಲ್ಲದಂತೆ ಕಾದು, ಅನಂತರ ಮುಖವನ್ನು ಪಕ್ಕಕ್ಕೆ ಸರಿಸಿ ತೆರೆಯಬೇಕು. ಢಂ ಎನ್ನುವ ಬದಲು ಪುಸ್ಸೆಂದರೆ ಗುಂಡು ನಳಿಗೆಯಲ್ಲಿಯೇ ನಿಂತಿರಬಹುದು; ಕೋವಿಯನ್ನು ಬರಿದು ಮಾಡಿ ನಳಿಗೆಯೊಳಗೆ ಬೆಳಕು ಕಾಣುವವರೆಗೂ ಮತ್ತೊಂದು ತೋಟಾ ಹಾಕಬಾರದು. ಆಟ ಮುಗಿದ ಮೇಲೆ ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯತಕ್ಕದ್ದು. ಗುಂಡಿನಲ್ಲಿಯೂ ಸಿಡಿಮದ್ದಿನಲ್ಲಿಯೂ ಇರುವ ಸೀಸವು ಮಕ್ಕಳ ದೇಹಕ್ಕೆ ವಿಶೇಷವಾಗಿ ವಿಷ.

ಕಿಲುಬು ಹಿಡಿದವು, ಉಬ್ಬಿದವು, ಸಿಡಿಯದೆ ಉಳಿದವು ಮನೆಯಲ್ಲಿದ್ದರೆ ಅವನ್ನು ಬಾವಿಗೆ ಎಸೆಯುವುದಾಗಲಿ, ಕಸದೊಡನೆ ಸುಡುವುದಾಗಲಿ ಕೂಡದು. ಬೆಂಕಿಯಲ್ಲಿ ಹಿತ್ತಾಳೆ ಒಡೆದು ಅದರ ಚೂರು ಕಣ್ಣಿಗೆ ಹಾರುವುದು. ಪರವಾನಗಿಯ ಪುಸ್ತಕ ಅಥವಾ ವಿನಾಯಿತಿಯ ಪತ್ರದೊಂದಿಗೆ ಪೊಲೀಸು ಠಾಣೆಗೆ ಹೋಗಿ, ವಿಷಯವನ್ನು ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ, ಒಪ್ಪಿಸಿದ ಸಂಖ್ಯೆಗೆ ರಶೀದಿಯನ್ನು ಪಡೆದುಕೊಳ್ಳತಕ್ಕದ್ದು.